ಸ್ಲಾಬ್‌ಗೆ ಎಲ್/250 ಓಕೆ, ಆದ್ರೆ ಯಾವ ಎಲ್?

ಕಟ್ಟಡ ಡಿಸೈನ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಸರ್ಫೇಸ್‌ಗೆ ಡಿಫ್ಲೆಕ್ಷನ್ ಲಿಮಿಟ್, ಅಂದ್ರೆ ಸ್ಲಾಬ್ ಎಷ್ಟು ಬಗ್ಗಬಹುದು ಅಂತ, ಕೊಡೋ ಬಾಕ್ಸ್ ಬಂದ್ರೆ ನಮ್ಮ ಆಫೀಸ್ ಹುಡುಗ್ರು ಕಣ್ಣು ಮುಚ್ಕೊಂಡು 250 (ಅಂದ್ರೆ ಸ್ಪ್ಯಾನ್ ಉದ್ದ ಎಲ್‌ನ 250ರಲ್ಲಿ ಒಂದು ಭಾಗ) ಅಂತ ಹೊಡೆದು ಮುಂದಕ್ಕೆ ಹೋಗ್ತಾರೆ, ಕೇಳಿದ್ರೆ ಕಾಂಕ್ರೀಟ್ ಕೋಡ್ ಐಎಸ್ 456ರಲ್ಲಿ ಇದೆಯಲ್ಲಾ ಸಾರ್ ಅಂತಾರೆ. ಇದೆ ಕಣ್ರಪ್ಪಾ, ಇಲ್ಲ ಅಂದೋರ್ಯಾರು. ಆ ಎಲ್ ಎಲ್ಲಿಂದ ಎಲ್ಲಿಗೆ ಅಂತ ಯಾರೂ ನೋಡಲ್ಲ, ಅದೇ ತೊಂದ್ರೆ.

ಬೀಮ್‌ನಲ್ಲಿ ಇದು ತಲೆನೋವೇ ಅಲ್ಲ, ಒಂದು ಸಪೋರ್ಟಿಂದ ಇನ್ನೊಂದಕ್ಕೆ ಇರೋ ಉದ್ದಾನೇ ಎಲ್. ಸ್ಲಾಬ್ ಹಂಗಲ್ಲ, ಸಾಫ್ಟ್‌ವೇರ್ ಪಾಲಿಗೆ ಅದು ಬರೀ ಒಂದು ಸರ್ಫೇಸು, ಸ್ಪ್ಯಾನ್ ಯಾವ ಕಡೆ ಅಂತ ನಾವೇ ಹೇಳ್ಬೇಕು. 30×40 ಸೈಟಲ್ಲಿ ಮನೆ, ಹಾಲ್ 4×6 ಮೀಟರ್ ಅಂತಿಟ್ಕೊಳ್ಳಿ. ಸ್ಲಾಬ್ ಲೋಡನ್ನ ಮುಖ್ಯವಾಗಿ ಹೊರೋದು ಶಾರ್ಟ್ ಸ್ಪ್ಯಾನಲ್ಲಿ, ಸೋ ಲಿಮಿಟ್ 16 ಮಿಮೀ. ಉದ್ದದ ಕಡೆ ತಗೊಂಡ್ರೆ 24. ಇನ್ನು ಇಡೀ ಫ್ಲೋರನ್ನ ಒಂದೇ ಸರ್ಫೇಸ್ ಆಗಿ ಎಳೆದು ಲೆಂತ್ ಆಟೋಮ್ಯಾಟಿಕ್ ಬಿಟ್ರೆ, ಅದು ಫ್ಲೋರಿನ 11 ಮೀಟರ್ ಉದ್ದದ ಅಂಚನ್ನೇ ಹಿಡ್ಕೊಂಡ್ರೆ 44 ಮಿಮೀ ಆಗುತ್ತೆ, ಆಮೇಲೆ ಯಾವ ಸ್ಲಾಬ್ ತಾನೇ ಫೇಲ್ ಆಗುತ್ತೆ ಹೇಳಿ, ಎಲ್ಲಾ ಹಸಿರೋ ಹಸಿರು! ನಾನಂತೂ ಪ್ಯಾನೆಲ್ ಪ್ಯಾನೆಲ್‌ಗೂ ಲೆಂತ್ ಕೈಯಲ್ಲೇ ಕೊಡ್ತೀನಿ.

ಇನ್ನೊಂದು, ಬಗ್ಗಿದ್ದನ್ನ ಎಲ್ಲಿಂದ ಅಳೀತೀರಾ ಅನ್ನೋದು. ಕೋಡ್ ಪ್ರಕಾರ ಸಪೋರ್ಟ್‌ಗಳು ಕಾಂಕ್ರೀಟ್ ಹಾಕಿದಾಗ ಇದ್ದ ಲೆವೆಲ್‌ನಿಂದ. ಹಂಗಾಗಿ ಬೀಮ್ 5 ಮಿಮೀ ಇಳಿದು, ಅದರ ಮೇಲೆ ಸ್ಲಾಬ್ 13 ಬಗ್ಗಿದ್ರೆ ಒಟ್ಟು 18, ನಮ್ಮ 16 ದಾಟ್ತು. ಸಾಫ್ಟ್‌ವೇರ್‌ನಲ್ಲಿ ಅಳತೆ ಶುರುವಾಗೋ ರೆಫರೆನ್ಸನ್ನ ಬಗ್ಗಿದ ಬೀಮ್‌ಗೆ ಶಿಫ್ಟ್ ಮಾಡಿದ್ರೆ ಬರೀ 13 ಕಾಣುತ್ತೆ, ಪಾಸ್. ಸ್ಲಾಬ್‌ದು ಎಷ್ಟು, ಬೀಮ್‌ದು ಎಷ್ಟು ಅಂತ ಬಿಡಿಸಿ ನೋಡೋಕೆ ಆ ಆಪ್ಷನ್ ಒಳ್ಳೇದೇ, ಆದ್ರೆ ಪಾಸ್ ಮಾಡ್ಸೋಕೆ ಅಂತ ಬಳಸೋದು ನನಗಿಷ್ಟ ಇಲ್ಲ.

ಗೋಡೆ, ಟೈಲ್ಸ್ ಆದ್ಮೇಲೆ ಬರೋ ಡಿಫ್ಲೆಕ್ಷನ್‌ಗೆ ಬೇರೆ ಲಿಮಿಟ್ ಇದೆ, ಸ್ಪ್ಯಾನ್/350 ಅಥವಾ 20 ಮಿಮೀ, ಯಾವುದು ಕಮ್ಮಿನೋ ಅದು. 7 ಮೀಟರ್ ದಾಟಿದ್ರೆ 20 ಮಿಮೀನೇ ಹಿಡಿಯುತ್ತೆ. ಓನರ್ ಫೋನ್ ಮಾಡಿ ನಾಲ್ಕಿಂಚು ಬ್ಲಾಕ್ ಗೋಡೆ ಬಿರುಕು ಬಿಟ್ಟಿದೆ ಅಂತ ಬೈಯೋದು ಸಾಮಾನ್ಯವಾಗಿ ಇದಕ್ಕೇನೇ, ಆದ್ರೂ ಇದನ್ನ ಸೆಟ್ ಮಾಡೋರು ಕಮ್ಮಿ.

ಲಿಮಿಟ್ ಸರಿ ಕೊಟ್ಟು ಅದರ ಎದುರಿಗೆ ಎಲಾಸ್ಟಿಕ್ ರಿಸಲ್ಟ್ (ಲೋಡ್ ಬಿದ್ದ ತಕ್ಷಣ ಬಗ್ಗೋದು ಮಾತ್ರ) ಇಟ್ರೆ ಎಲ್ಲಾ ವೇಸ್ಟು. ಎಂ25 ಕಾಂಕ್ರೀಟ್‌ಗೆ ಇ (ಅದರ ಬಿಗಿತದ ಅಳತೆ) ಬೆಲೆ 25000 ಎಂಪಿಎ, 28 ದಿನಕ್ಕೆ ಲೋಡ್ ಬಂದ್ರೆ ಕ್ರೀಪ್ (ಲೋಡ್ ಕೆಳಗೆ ಕಾಲಕ್ರಮೇಣ ಇನ್ನೂ ಬಗ್ಗೋದು) ಕೋಎಫಿಶಿಯೆಂಟ್ 1.6, ಅಂದ್ರೆ ಇ 2.6 ಪಟ್ಟು ಇಳಿದು ಹೆಚ್ಚುಕಮ್ಮಿ 9600. ಪರ್ಮನೆಂಟ್ ಲೋಡ್‌ಗೆ ಸ್ಕ್ರೀನಲ್ಲಿ ಕಾಣೋ 7 ಮಿಮೀ ನಿಜವಾಗ್ಲೂ 18, ನಮ್ಮ 16 ಢಮಾರ್, ಕ್ರ್ಯಾಕಿಂಗು, ಕಾಂಕ್ರೀಟ್ ಒಣಗಿ ಕುಗ್ಗೋ ಶ್ರಿಂಕೇಜು ಇನ್ನೂ ಸೇರೇ ಇಲ್ಲ. ಸೆಂಟ್ರಿಂಗ್ 7 ದಿನಕ್ಕೇ ಬಿಚ್ಚೋ ಮೇಸ್ತ್ರಿ ಆದ್ರೆ ಸ್ಲಾಬಿನ ಸ್ವಂತ ತೂಕಕ್ಕೆ 1.6 ಅಲ್ಲ, 2.2 ಹಾಕಿ.