ಲಾಗ್ ಡಿಸ್ಕ್ ನುಂಗಿದ ದಿನ

ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ತಂತ್ರಾಂಶ) ಇರುವ ಪ್ರೊಡಕ್ಷನ್ ಸರ್ವರ್‌ನಲ್ಲಿ ಡಿಸ್ಕ್ ತುಂಬಿದಾಗ ಆ ಸಮಸ್ಯೆ ಡಿಸ್ಕ್‌ನ ಹೆಸರಲ್ಲಿ ಬರುವುದೇ ಇಲ್ಲ. ಅವತ್ತು ಬಂದ ಮೊದಲ ದೂರು, ಲಾಗಿನ್ ಆಗುತ್ತಿಲ್ಲ ಎಂಬುದು. ವೆಬ್ ಆ್ಯಪ್ 500 (ಸರ್ವರ್ ಒಳಗಿನ ದೋಷ) ಕೊಡುತ್ತಿತ್ತು. ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ತನ್ನ ವಾಲ್ ಕಡತ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆ) ಬರೆಯಲು ಜಾಗವಿಲ್ಲದೆ ಬೀಳುತ್ತಿತ್ತು, ರೀಸ್ಟಾರ್ಟ್ ಪಾಲಿಸಿ ಎಬ್ಬಿಸುತ್ತಿತ್ತು, ಮತ್ತೆ ಬೀಳುತ್ತಿತ್ತು. ಸಂಬಂಧವಿಲ್ಲದ ಕಂಟೇನರ್‌ಗಳು ಒಟ್ಟಿಗೆ ಕೆಟ್ಟರೆ ಅವು ಹಂಚಿಕೊಂಡದ್ದನ್ನು ಮೊದಲು ನೋಡಬೇಕು. ಸಿಗ್ರೂಪ್ (ಪ್ರೋಗ್ರಾಂಗಳ ಬಳಕೆಗೆ ಕಡಿವಾಣ ಹಾಕುವ ಲಿನಕ್ಸ್ ವ್ಯವಸ್ಥೆ) ಮೆಮೊರಿಗೆ, ಸಿಪಿಯುಗೆ ಮಿತಿ ಹಾಕಬಲ್ಲದು. ಡಿಸ್ಕ್ ಎಷ್ಟು ತುಂಬಬಹುದು ಎಂಬುದಕ್ಕೆ ಅದು ಮಿತಿ ಹಾಕುವುದಿಲ್ಲ. ಒಂದು ಕಂಟೇನರ್ ತುಂಬಿಸಿದರೆ ಎಲ್ಲವೂ ಉಸಿರುಗಟ್ಟುತ್ತವೆ.

ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ 'ಡಿಎಫ್ -ಎಚ್' 100% ತೋರಿಸಿತು. ಮುಂದಿನ ಹೆಜ್ಜೆಯಲ್ಲೇ ಹಲವರು ದಾರಿ ತಪ್ಪುವುದು. 'ಡಾಕರ್ ಸಿಸ್ಟಮ್ ಡಿಎಫ್' ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು), ಕಂಟೇನರ್, ವಾಲ್ಯೂಮ್ (ಕಂಟೇನರ್ ಹೋದರೂ ಉಳಿಯುವ ಡೇಟಾ ಜಾಗ), ಬಿಲ್ಡ್ ಕ್ಯಾಶ್‌ಗಳ ಲೆಕ್ಕ ಕೊಡುತ್ತದೆ. ಅದನ್ನೆಲ್ಲ ಕೂಡಿದರೂ ತುಂಬಿದ ಜಾಗಕ್ಕೆ ತಾಳೆಯಾಗಲಿಲ್ಲ, ಏಕೆಂದರೆ ಕಂಟೇನರ್‌ಗಳು ಹೊರಬಿಡುವ ಸಂದೇಶಗಳು ಸೇರುವ ಲಾಗ್ ಕಡತಗಳನ್ನು ಅದು ಎಣಿಸುವುದಿಲ್ಲ. ರೂಟ್ ಆಗಿ '/ವಾರ್/ಲಿಬ್/ಡಾಕರ್/ಕಂಟೇನರ್ಸ್' ಒಳಗೆ ಫೋಲ್ಡರ್‌ಗಳ ಗಾತ್ರ ಅಳೆಯುವ 'ಡಿಯು' ಓಡಿಸಿದಾಗಲೇ ನಿಜ ಹೊರಬಿದ್ದದ್ದು. ಹಿನ್ನೆಲೆ ಕೆಲಸ ಮಾಡುವ ಒಂದು ವರ್ಕರ್ ಕಂಟೇನರ್ ಕ್ಯೂಗೆ (ಕೆಲಸಗಳ ಸರದಿಗೆ) ಕನೆಕ್ಟ್ ಆಗಲಾರದೆ, ಪ್ರತಿ ಪ್ರಯತ್ನಕ್ಕೂ ಪೂರ್ತಿ ಸ್ಟ್ಯಾಕ್ ಟ್ರೇಸ್ (ದೋಷದ ಉದ್ದನೆಯ ವಿವರ) ಉಗುಳುತ್ತಿತ್ತು. ಡಾಕರ್‌ನ ಡೀಫಾಲ್ಟ್ ಲಾಗ್ ಡ್ರೈವರ್ ಆದ 'ಜೇಸನ್-ಫೈಲ್'ಗೆ ಗಾತ್ರದ ಮಿತಿಯೇ ಇಲ್ಲ. ನಾವು ಹೇಳದ ಹೊರತು ಅದು ಕಡತವನ್ನು ಸುತ್ತಿಸುವುದಿಲ್ಲ, ಅಂದರೆ ಹಳೆಯದನ್ನು ಬಿಟ್ಟು ಹೊಸ ಕಡತ ಶುರು ಮಾಡುವುದಿಲ್ಲ.

ಕಡತವನ್ನು 'ಆರ್‌ಎಂ' ಕೊಟ್ಟು ಅಳಿಸಬಾರದು. ಹೆಸರು ಹೋಗುತ್ತದೆ, ಆದರೆ ಡಾಕರ್ ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಡಾಕರ್‌ನ ಮುಖ್ಯ ಪ್ರೋಗ್ರಾಂ) ಅದನ್ನು ತೆರೆದಿಟ್ಟುಕೊಂಡಿರುವುದರಿಂದ ಜಾಗ ಬಿಡುಗಡೆಯಾಗುವುದಿಲ್ಲ. ಆಮೇಲೆ 'ಡಿಯು'ಗೂ ಕಾಣದ, 'ಡಿಎಫ್'ನಲ್ಲಿ ಮಾತ್ರ ಕಾಣುವ ಕಗ್ಗಂಟಾಗುತ್ತದೆ. ಕೊನೆಯ ಸಾವಿರ ಸಾಲನ್ನು ಬೇರೆ ಡಿಸ್ಕ್‌ಗೆ ಉಳಿಸಿಕೊಂಡು ಕಡತವನ್ನು ಖಾಲಿ ಮಾಡುವ 'ಟ್ರಂಕೇಟ್ -ಎಸ್ 0' ಕೊಟ್ಟರೆ ಜಾಗ ಆ ಕ್ಷಣವೇ ಬರುತ್ತದೆ.

ಇಂಥ ಗಡಿಬಿಡಿಯಲ್ಲಿ ಯಾರಾದರೊಬ್ಬರು ಬಳಕೆಯಲ್ಲಿಲ್ಲದ್ದನ್ನು ಗುಡಿಸಿಹಾಕುವ ಡಾಕರ್ ಆದೇಶ 'ಸಿಸ್ಟಮ್ ಪ್ರೂನ್' ಹೊಡೆಯೋಣ ಎನ್ನುತ್ತಾರೆ. ದಯವಿಟ್ಟು ಬೇಡ. ಅದು ನಿಂತ ಕಂಟೇನರ್‌ಗಳನ್ನೆಲ್ಲ ಅಳಿಸುತ್ತದೆ, ಜೊತೆಗೆ ಅವುಗಳ ಲಾಗ್ ಕೂಡ, ಅಂದರೆ ಕಾರಣ ಹುಡುಕಲು ಬೇಕಾದ ಸಾಕ್ಷ್ಯ. '-ಎ' ಸೇರಿಸಿದರೆ ಬಳಕೆಯಲ್ಲಿಲ್ಲದ ಇಮೇಜ್‌ಗಳೂ ಹೋಗುತ್ತವೆ. ರೋಲ್‌ಬ್ಯಾಕ್‌ಗೆ ಬೇಕಾದ ಹಿಂದಿನ ಆವೃತ್ತಿಯೂ ಅದರಲ್ಲೇ ಇರುತ್ತದೆ. '--ವಾಲ್ಯೂಮ್ಸ್' ಕೂಡ ಸೇರಿಸಿದರೆ ಎಲ್ಲಕ್ಕಿಂತ ಅಪಾಯ ವಾಲ್ಯೂಮ್‌ನದು. ಬಿದ್ದ ಡೇಟಾಬೇಸ್ ಕಂಟೇನರ್ ಅಳಿದ ಮೇಲೆ ಅದರ ವಾಲ್ಯೂಮ್ ಯಾರೂ ಬಳಸದ ವಾಲ್ಯೂಮ್ ಆಗಿಬಿಡುತ್ತದೆ. ಡಾಕರ್ 23ರಿಂದ ಈಚೆಗೆ ವಾಲ್ಯೂಮ್ ಪ್ರೂನ್ ಡೀಫಾಲ್ಟ್ ಆಗಿ ಹೆಸರಿಲ್ಲದ ವಾಲ್ಯೂಮ್‌ಗಳನ್ನು ಮಾತ್ರ ಮುಟ್ಟುತ್ತದೆ. ಹಳೆಯ ಆವೃತ್ತಿಗಳಿಗೆ ಆ ದಯೆ ಇಲ್ಲ.

ಕಾಯಂ ಪರಿಹಾರ ಡೀಮನ್‌ನ ಸೆಟ್ಟಿಂಗ್ ಕಡತವಾದ 'ಡೀಮನ್.ಜೇಸನ್'ನಲ್ಲಿದೆ: 'ಮ್ಯಾಕ್ಸ್-ಸೈಜ್' 10ಎಂ, 'ಮ್ಯಾಕ್ಸ್-ಫೈಲ್' 3. ಆಗ ಒಂದು ಕಂಟೇನರ್ ಲಾಗ್‌ಗೆ ಹೆಚ್ಚೆಂದರೆ 30 ಎಂಬಿ. ಆ 3 ಅನ್ನೂ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಬರಿ ಅಂಕಿ ಬರೆದರೆ ಡೀಮನ್ ಏಳುವುದೇ ಇಲ್ಲ, ಆ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟದ್ದು ಬೇರೆ ಬೇಕಿಲ್ಲ. ಡೀಮನ್ ರೀಸ್ಟಾರ್ಟ್ ಆದರೆ ಕಂಟೇನರ್‌ಗಳೆಲ್ಲ ನಿಲ್ಲುತ್ತವೆ. ಅದಕ್ಕೇ ಮೊದಲು, ಡೀಮನ್ ನಿಂತರೂ ಕಂಟೇನರ್‌ಗಳನ್ನು ಓಡಲು ಬಿಡುವ 'ಲೈವ್-ರಿಸ್ಟೋರ್' ಒಂದನ್ನೇ ಆನ್ ಮಾಡಿ ರೀಲೋಡ್ (ಡೀಮನ್ ನಿಲ್ಲಿಸದೆ ಸೆಟ್ಟಿಂಗ್ ಓದಿಸುವುದು) ಕೊಡುವುದು, ಲಾಗ್ ಮಿತಿ ಸೇರಿಸಿ ರೀಸ್ಟಾರ್ಟ್ ಮಾಡುವುದು ಆಮೇಲೆ.

ಇಷ್ಟಾದರೂ ಕೆಲಸ ಮುಗಿದಿಲ್ಲ. ಹೊಸ ಮಿತಿ ಹೊಸದಾಗಿ ಹುಟ್ಟುವ ಕಂಟೇನರ್‌ಗಳಿಗೆ ಮಾತ್ರ. ಇರುವ ಕಂಟೇನರನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಹಳೆಯ ಸೆಟ್ಟಿಂಗೇ. ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಕಂಪೋಸ್‌ಗೂ ಈ ಬದಲಾವಣೆ ಗೊತ್ತಾಗುವುದಿಲ್ಲ, 'ಅಪ್ -ಡಿ' ಜೊತೆ 'ಫೋರ್ಸ್-ರೀಕ್ರಿಯೇಟ್' ಕೊಡಲೇಬೇಕು. ಅದಕ್ಕೂ ಮುಂಚೆ ಕಂಟೇನರ್ ಒಳಗೆ ಬದಲಾದದ್ದನ್ನು ತೋರಿಸುವ 'ಡಾಕರ್ ಡಿಫ್' ನೋಡಬೇಕು, ಏಕೆಂದರೆ ವಾಲ್ಯೂಮ್ ಬಿಟ್ಟು ಕಂಟೇನರ್ ಒಳಗೇ ಬರೆದದ್ದೆಲ್ಲ ಮರುಸೃಷ್ಟಿಯಲ್ಲಿ ಹೋಗುತ್ತದೆ. ಅಪ್‌ಲೋಡ್ ಫೋಲ್ಡರ್‌ಗಳು ಹೀಗೆ ಅಡಗಿರುವುದು ಅಪರೂಪವಲ್ಲ.

ಹೀಗೆ ಒಂದೊಂದನ್ನೇ ಹೊಸದಾಗಿ ಎಬ್ಬಿಸುವಾಗ ಇನ್ನೊಂದು ದೋಷವೂ ಬಯಲಾಯಿತು. ಆ ವರ್ಕರ್ ನಿಲ್ಲಲು ಪೂರಾ 10 ಸೆಕೆಂಡ್ ತೆಗೆದುಕೊಂಡು 137 ಕೋಡ್‌ನೊಂದಿಗೆ ಸತ್ತಿತು. 137 ಅಂದರೆ 128ಕ್ಕೆ 9 ಸೇರಿಸಿದ್ದು, ಅಂದರೆ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಂಕೇತ). ಮೆಮೊರಿ ಮುಗಿದಾಗಲೂ ಇದೇ ಕೋಡ್ ಬರುತ್ತದೆ, ಆದರೆ ಇಲ್ಲಿ 'ಇನ್‌ಸ್ಪೆಕ್ಟ್' ಮಾಡಿದಾಗ 'ಊಮ್‌ಕಿಲ್ಡ್' (ಮೆಮೊರಿ ಮುಗಿದು ಸತ್ತಿತೇ) ಫಾಲ್ಸ್ ಎಂದಿತ್ತು. ಇಮೇಜ್ ಕಟ್ಟುವ ಡಾಕರ್‌ಫೈಲ್‌ನಲ್ಲಿ ಎಂಟ್ರಿಪಾಯಿಂಟನ್ನು (ಕಂಟೇನರ್ ಶುರುವಾದಾಗ ಓಡುವ ಆದೇಶವನ್ನು) ಶೆಲ್ ರೂಪದಲ್ಲಿ ಬರೆದಿತ್ತು. ಹಾಗಾಗಿ ಪಿಐಡಿ 1, ಅಂದರೆ ಕಂಟೇನರ್‌ನ ಮೊದಲ ಪ್ರೋಗ್ರಾಂ, ಆಗಿ ಕೂತದ್ದು ಶೆಲ್. ಅದು ನಿಲ್ಲು ಎಂದು ಹೇಳುವ ಸಿಗ್‌ಟರ್ಮ್ ಅನ್ನು ಒಳಗಿನ ಪ್ರೋಗ್ರಾಂಗೆ ದಾಟಿಸಲಿಲ್ಲ, 10 ಸೆಕೆಂಡ್ ಕಾದು ಡಾಕರ್ ಸಿಗ್‌ಕಿಲ್ ಕಳಿಸಿತು. ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಸಾಯುವ ವರ್ಕರ್ ಪ್ರತಿ ಡಿಪ್ಲಾಯ್‌ನಲ್ಲೂ ಡೇಟಾ ಕೆಡಿಸಬಲ್ಲದು. ಚೌಕ ಆವರಣದ ಎಕ್ಸೆಕ್ ರೂಪಕ್ಕೆ ಬದಲಿಸಿ, ಪ್ರೋಗ್ರಾಂ ತಾನೇ ಸಿಗ್‌ಟರ್ಮ್ ಹಿಡಿಯುವಂತೆ ಬರೆದರೆ ಸರಿಹೋಗುತ್ತದೆ. ಡೇಟಾಬೇಸ್‌ಗೆ ಮಾತ್ರ 10 ಸೆಕೆಂಡ್ ಸಾಲದು, ಕೊಲ್ಲುವ ಮುಂಚೆ ಕಾಯುವ ಸಮಯವಾದ 'ಸ್ಟಾಪ್_ಗ್ರೇಸ್_ಪೀರಿಯಡ್' ಒಂದೆರಡು ನಿಮಿಷಕ್ಕೆ ಏರಿಸುವುದೇ ಒಳ್ಳೆಯದು.

ಉಳಿದದ್ದು ಡಾಕರ್ ಫೋಲ್ಡರನ್ನೂ ಡೇಟಾಬೇಸ್ ವಾಲ್ಯೂಮನ್ನೂ ಬೇರೆ ಬೇರೆ ಪಾರ್ಟಿಷನ್‌ಗೆ ಸಾಗಿಸುವ ಕೆಲಸ, 80% ದಾಟಿದೊಡನೆ ಕೂಗುವ ಅಲರ್ಟ್. ಅಲರ್ಟ್ 'ಡಿಎಫ್ -ಐ' ಅಂಕಿಯನ್ನೂ ನೋಡುತ್ತಿರಲಿ: ಇಮೇಜ್ ಲೇಯರ್‌ಗಳ ಸಣ್ಣ ಕಡತಗಳು ಲಕ್ಷಗಟ್ಟಲೆ ಸೇರಿದರೆ ಈಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಜಾಗ ಉಳಿದಿರುವಾಗಲೇ ಐನೋಡ್ (ಪ್ರತಿ ಕಡತಕ್ಕೂ ಬೇಕಾದ ದಾಖಲೆಯ ಸ್ಥಾನ) ಮುಗಿಯಬಹುದು, ಬರುವ ಎರರ್ ಮಾತ್ರ ಅದೇ, ಡಿಸ್ಕ್‌ನಲ್ಲಿ ಜಾಗವಿಲ್ಲ ಎಂದು.