ಆಮೆಯ ಮೂಗಿನ ಸ್ಟ್ರಾ ಮತ್ತು ಕಣ್ಣಿಗೆ ಕಾಣದ ಬಲೆ

2015ರ ಆಗಸ್ಟ್ ತಿಂಗಳಲ್ಲಿ ಕೋಸ್ಟರಿಕದ ಕಡಲಿನಲ್ಲಿ ತೆಗೆದ ಸುಮಾರು ಎಂಟು ನಿಮಿಷಗಳ ವಿಡಿಯೊ ಒಂದು ಜಗತ್ತಿನಾದ್ಯಂತ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದು ಬಹಳ ಮಂದಿಗೆ ನೆನಪಿರಬಹುದು. ಕಡಲಜೀವಶಾಸ್ತ್ರಜ್ಞೆ ಕ್ರಿಸ್ಟೀನ್ ಫಿಗ್ಗನರ್ ಮತ್ತು ಅವರ ಸಂಗಡಿಗರು ಆಲಿವ್ ರಿಡ್ಲಿ ಜಾತಿಯ ಆಮೆಯೊಂದರ ಮೂಗಿನ ಹೊಳ್ಳೆಯಿಂದ ಏನನ್ನೋ ಹೊರಗೆಳೆಯಲು ಹೆಣಗುತ್ತಿರುತ್ತಾರೆ. ಯಾವುದೋ ಹುಳುವಿರಬೇಕೆಂದು ಅವರು ಮೊದಲು ಭಾವಿಸಿದ್ದ ಆ ವಸ್ತು, ತುದಿಯನ್ನು ಕತ್ತರಿಸಿ ನೋಡಿದಾಗ ಪ್ಲಾಸ್ಟಿಕ್ ಸ್ಟ್ರಾ ಎಂಬುದು ಗೊತ್ತಾಗುತ್ತದೆ. ಆಮೆಯ ಮೂಗಿನಿಂದ ರಕ್ತ ಇಳಿಯುತ್ತದೆ, ಅದು ಬಾಯ್ತೆರೆದು ತಲೆ ಕೊಡವುತ್ತದೆ. ಮೊದಲ ಸಲ ನನಗೆ ಅದನ್ನು ಕೊನೆಯವರೆಗೆ ನೋಡಲಾಗಲಿಲ್ಲ. ಎರಡನೆಯ ಸಲ ನೋಡಿದೆ, ಗೊತ್ತಿದ್ದವರಿಗೆಲ್ಲ ಕಳುಹಿಸಿದೆ, ಅಂದಿನಿಂದ ಸ್ಟ್ರಾ ಬಳಸುವುದನ್ನು ಬಿಟ್ಟೆ. ಕಡಲಿಗಾಗಿ ನಾನು ಮಾಡಬೇಕಾದುದನ್ನು ಮಾಡಿ ಮುಗಿಸಿದೆನೆಂಬ ಹಗುರವಾದ ಭಾವ ಕೆಲವು ವರ್ಷಗಳ ಕಾಲ ನನ್ನಲ್ಲಿ ಉಳಿದಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಹಗುರತನ ಕಳೆದದ್ದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ವಿವರಗಳನ್ನು ಓದಿದಾಗ. ಹವಾಯಿ ಮತ್ತು ಕ್ಯಾಲಿಫೋರ್ನಿಯಾಗಳ ನಡುವೆ ಪೆಸಿಫಿಕ್ ಸಾಗರದಲ್ಲಿ ತೇಲುತ್ತಿರುವ ಕಸದ ರಾಶಿಯನ್ನು ಅಳೆದ ಆ ಸಂಶೋಧಕರು, ಅಲ್ಲಿ ಸುಮಾರು 79 ಸಾವಿರ ಟನ್ ಪ್ಲಾಸ್ಟಿಕ್ ಇದೆಯೆಂದೂ ಅದರ ತೂಕದಲ್ಲಿ ಶೇ. 46ರಷ್ಟು ಮೀನುಗಾರಿಕೆಯ ಬಲೆಗಳೇ ಎಂದೂ ಅಂದಾಜು ಮಾಡಿದ್ದರು. ನೆಲದಿಂದ ಹೊಳೆಗಳ ಮೂಲಕ ಕಡಲಿಗಿಳಿಯುವ ಕಸದ ಲೆಕ್ಕ ಬೇರೆಯೇ ಇರುವುದರಿಂದ ಈ ಅನುಪಾತವನ್ನು ಇಡೀ ಸಾಗರಕ್ಕೆ ಅನ್ವಯಿಸಲಾಗದು. ಆದರೂ ಸ್ಟ್ರಾ ಎಷ್ಟು ಸಣ್ಣ ಪಾಲುದಾರ ಎಂಬುದು ಸ್ಪಷ್ಟವಾಗಿತ್ತು. ಕಳಚಿಹೋದ ಬಲೆಯಾದರೋ ತನ್ನ ಒಡೆಯನಿಲ್ಲದಿದ್ದರೂ ವರ್ಷಗಟ್ಟಲೆ ಮೀನು, ಆಮೆ, ಸೀಲುಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಆ ಬಲೆಯ ವಿಡಿಯೊವನ್ನು ನನಗೆ ಯಾರೂ ಕಳುಹಿಸಿರಲಿಲ್ಲ.

ಸ್ಟ್ರಾ ಬಿಡಿ ಎಂಬ ಅಭಿಯಾನವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದರ ಬಲದಿಂದಲೇ ಹಲವು ನಗರಗಳು ಕಾನೂನು ತಂದವು, ದೊಡ್ಡ ಕಂಪನಿಗಳು ಪಾನೀಯದ ಲೋಟದ ಮುಚ್ಚಳದ ವಿನ್ಯಾಸವನ್ನೇ ಬದಲಾಯಿಸಿದವು. (ಸ್ಟ್ರಾ ಇಲ್ಲದೆ ನೀರು ಕುಡಿಯಲಾಗದ ಅಂಗವಿಕಲರನ್ನು ಆ ಉತ್ಸಾಹದಲ್ಲಿ ಎಲ್ಲರೂ ಮರೆತಿದ್ದರು ಎಂಬುದನ್ನೂ ಹೇಳಬೇಕು.) ನನ್ನನ್ನು ಕಾಡುವ ಪ್ರಶ್ನೆ ಬೇರೆ. ಜಾಗೃತಿಯೆಂದು ನಾವು ಕರೆಯುವುದು ಯಾವಾಗ ಒಂದು ಪ್ರಾಣಿಯ ಜೀವವನ್ನು ಉಳಿಸುತ್ತದೆ, ಯಾವಾಗ ನಮ್ಮ ಮನಸ್ಸಿನ ಭಾರವನ್ನಷ್ಟೇ ಇಳಿಸುತ್ತದೆ?

ಇದಕ್ಕೆ ಉತ್ತರ ಹುಡುಕುವವರು ತಿಮಿಂಗಿಲಗಳ ಕಥೆಯಿಂದಲೇ ತೊಡಗಬೇಕು. 1950ರ ದಶಕದಲ್ಲಿ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಎಂಜಿನಿಯರ್ ಅಮೆರಿಕದ ನೌಕಾಪಡೆಗಾಗಿ ಬರ್ಮುಡಾದ ಕಡಲಾಳದಲ್ಲಿ ಧ್ವನಿಗ್ರಾಹಕಗಳನ್ನಿಟ್ಟು ಕೆಲಸ ಮಾಡುತ್ತಿದ್ದಾಗ ವಿಚಿತ್ರವಾದ ನರಳಾಟ, ಕೂಗು, ಏರಿಳಿತಗಳು ಅವರ ಕಿವಿಗೆ ಬಿದ್ದವು. ಅವು ಹಂಪ್‌ಬ್ಯಾಕ್ ತಿಮಿಂಗಿಲಗಳ ಸದ್ದು. ಬೇಟೆಗಾರರು ಇದನ್ನು ಬಳಸಿಕೊಂಡಾರೆಂಬ ಭಯದಿಂದ ಅವರು ಆ ಧ್ವನಿಮುದ್ರಣಗಳನ್ನು ಬಹಿರಂಗಪಡಿಸದೆ ಇಟ್ಟುಕೊಂಡಿದ್ದರು, ಕೊನೆಗೆ ಸಂಶೋಧಕರಾದ ರೋಜರ್ ಪೇನ್ ಮತ್ತು ಕೇಟಿ ಪೇನ್ ದಂಪತಿಗೆ ಒಪ್ಪಿಸಿದರು. ಆ ಸದ್ದಿನಲ್ಲಿ ಒಂದು ಕ್ರಮವಿದೆ, ಅದು ಮತ್ತೆ ಮತ್ತೆ ಮರಳಿ ಬರುತ್ತದೆ, ಆದ್ದರಿಂದ ಅದನ್ನು ಹಾಡೆಂದೇ ಕರೆಯಬೇಕೆಂದು ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ವೈಜ್ಞಾನಿಕ ಪತ್ರಿಕೆಯಲ್ಲಿ ಬರೆದರು. ಅದಕ್ಕೂ ಒಂದು ವರ್ಷ ಮೊದಲೇ ಆ ಹಾಡುಗಳು ಧ್ವನಿಮುದ್ರಿಕೆಯಾಗಿ ಜನರ ಮನೆ ಸೇರಿದ್ದವು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊತ್ತೊಯ್ದ ಬಂಗಾರದ ಲೇಪದ ತಟ್ಟೆಯಲ್ಲಿ ಮನುಷ್ಯರ ಶುಭಾಶಯಗಳ ಜೊತೆ ತಿಮಿಂಗಿಲದ ಹಾಡೂ ಇತ್ತು. 1979ರ ಜನವರಿಯಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ಅದರ ತೆಳುವಾದ ಮುದ್ರಿಕೆಯನ್ನು ಪ್ರತಿ ಸಂಚಿಕೆಯೊಳಗಿಟ್ಟು ಒಂದು ಕೋಟಿಗೂ ಹೆಚ್ಚು ಪ್ರತಿಗಳನ್ನು ಹಂಚಿತು.

ಅಲ್ಲಿಯವರೆಗೆ ತಿಮಿಂಗಿಲವೆಂದರೆ ಎಣ್ಣೆಯ ಪೀಪಾಯಿ. ಇಪ್ಪತ್ತನೆಯ ಶತಮಾನದಲ್ಲಿ ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಕೊಂದ ಉದ್ಯಮಕ್ಕೆ ಅದು ಹಾಡಬಲ್ಲದೆಂಬುದು ಅಪ್ರಸ್ತುತವಾಗಿತ್ತು. ಹಾಡು ಕೇಳಿದ ಮೇಲೆ ಸಾಮಾನ್ಯ ಜನರಿಗೆ ಅದು ಅಪ್ರಸ್ತುತವಾಗಿ ಉಳಿಯಲಿಲ್ಲ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನವು ವಾಣಿಜ್ಯ ಬೇಟೆಯನ್ನು ಹತ್ತು ವರ್ಷ ನಿಲ್ಲಿಸಬೇಕೆಂದು ಕೇಳಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1982ರಲ್ಲಿ 7 ಮತಗಳ ವಿರುದ್ಧ 25 ಮತಗಳಿಂದ ಬೇಟೆ ನಿಲುಗಡೆಯ ನಿರ್ಣಯವನ್ನು ಅಂಗೀಕರಿಸಿತು. ಅದು 1986ರಲ್ಲಿ ಜಾರಿಗೆ ಬಂತು. ನೈರುತ್ಯ ಅಟ್ಲಾಂಟಿಕ್ ಸಾಗರದಲ್ಲಿ 1950ರ ದಶಕದಲ್ಲಿ 450ರಷ್ಟಕ್ಕೆ ಇಳಿದಿದ್ದ ಹಂಪ್‌ಬ್ಯಾಕ್ ತಿಮಿಂಗಿಲಗಳು ಇಂದು ಸುಮಾರು 25 ಸಾವಿರಕ್ಕೇರಿವೆ.

ಹಾಡು ತಿಮಿಂಗಿಲವನ್ನು ಉಳಿಸಿತು ಎಂದು ಇಲ್ಲಿಗೆ ಕಥೆ ಮುಗಿಸುವುದು ವಾಡಿಕೆ. ನನಗೆ ಇದರಲ್ಲಿ ಅರ್ಧ ಮಾತ್ರ ನಂಬಿಕೆ. ಹಂಪ್‌ಬ್ಯಾಕ್ ತಿಮಿಂಗಿಲಗಳ ಬೇಟೆಯನ್ನು ಆಯೋಗವು 1966ರಷ್ಟು ಹಿಂದೆಯೇ ನಿಷೇಧಿಸಿತ್ತು, ಅಂದರೆ ಯಾವ ಮುದ್ರಿಕೆಯೂ ಹೊರಬರುವ ಮೊದಲೇ. ಆದರೆ ಸೋವಿಯತ್ ಹಡಗುಗಳು ಸುಳ್ಳು ಲೆಕ್ಕ ಬರೆದು ಬೇಟೆಯಾಡುತ್ತಲೇ ಇದ್ದವು. ಲೆಕ್ಕಕ್ಕೆ ಸಿಗದಂತೆ ಅವು ಕೊಂದ ತಿಮಿಂಗಿಲಗಳು ಸುಮಾರು 1,80,000 ಎಂಬುದು 1990ರ ದಶಕದಲ್ಲಿ ರಷ್ಯದ ವಿಜ್ಞಾನಿಗಳು ಹಳೆಯ ದಾಖಲೆಗಳನ್ನು ಬಿಚ್ಚಿಟ್ಟ ಮೇಲೆ ತಿಳಿದದ್ದು. ಆ ವಂಚನೆಗೆ ಬಹುಮಟ್ಟಿಗೆ ತಡೆ ಬಿದ್ದದ್ದು 1972ರಲ್ಲಿ ಹಡಗುಗಳ ಮೇಲೆ ಹೊರದೇಶದ ವೀಕ್ಷಕರನ್ನು ನಿಲ್ಲಿಸತೊಡಗಿದಾಗ. ಹಾಡು ಕೋಟ್ಯಂತರ ಮಂದಿಯನ್ನು ಕರಗಿಸಿತು, ನಿಜ; ಆದರೆ ಹಡಗಿನ ಮೇಲೆ ಕೊರೆಯುವ ಗಾಳಿಯಲ್ಲಿ ನಿಂತು, ಹೊತ್ತುತಂದ ಪ್ರತಿ ತಿಮಿಂಗಿಲವನ್ನೂ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದ ಆ ವೀಕ್ಷಕನನ್ನು ಕುರಿತು ಯಾರೂ ಭಿತ್ತಿಪತ್ರ ಮಾಡಲಿಲ್ಲ. ಜನರ ಮರುಕ ಅಂಥ ಒಬ್ಬನನ್ನು ಹಡಗಿಗೆ ಕಳುಹಿಸುವಷ್ಟು ದೂರ ಹೋದಾಗ ಮಾತ್ರ ಈಟಿ ನಿಲ್ಲುತ್ತದೆ ಎಂಬುದು ನಾನು ಈ ಕಥೆಯಿಂದ ತಿಳಿದುಕೊಂಡದ್ದು.

ಡಬ್ಬಿಯಲ್ಲಿ ತುಂಬಿ ಮಾರುವ ಟ್ಯೂನಾ ಮೀನಿನ ಪ್ರಕರಣ ಇದನ್ನೇ ಇನ್ನೂ ಬಿಡಿಸಿ ತೋರಿಸುತ್ತದೆ. ಪೂರ್ವ ಪೆಸಿಫಿಕ್ ಸಾಗರದ ಉಷ್ಣವಲಯದಲ್ಲಿ ದೊಡ್ಡ ಯೆಲ್ಲೋಫಿನ್ ಟ್ಯೂನಾ ಮೀನುಗಳು ಡಾಲ್ಫಿನ್ ಹಿಂಡುಗಳ ಕೆಳಗೆ ಈಜುತ್ತವೆ. ಮೇಲೆ ಚಿಮ್ಮುವ ಡಾಲ್ಫಿನ್‌ಗಳನ್ನು ಗುರುತಾಗಿಟ್ಟುಕೊಂಡು ಅವುಗಳ ಸುತ್ತಲೇ ಪರ್ಸೀನ್ ಎಂಬ, ಸುತ್ತುವರಿದು ತಳದಲ್ಲಿ ಬಿಗಿಯುವ ಬಲೆ ಬಿಡುವ ಪದ್ಧತಿ 1950ರ ದಶಕದ ಕೊನೆಯಲ್ಲಿ ತೊಡಗಿ, ಲಕ್ಷಾಂತರ ಡಾಲ್ಫಿನ್‌ಗಳು ಉಸಿರುಕಟ್ಟಿ ಸತ್ತವು. ಸ್ಯಾಮ್ ಲಾಬಡ್ ಎಂಬ ಜೀವಶಾಸ್ತ್ರಜ್ಞ ಪನಾಮಾದ ಹಡಗೊಂದಕ್ಕೆ ಕೆಲಸಗಾರನಾಗಿ ಸೇರಿ, ಒಳಗಿನ ದೃಶ್ಯಗಳನ್ನು ಗುಟ್ಟಾಗಿ ಚಿತ್ರೀಕರಿಸಿ 1988ರಲ್ಲಿ ಹೊರಗೆ ತಂದ. ಶಾಲಾ ಮಕ್ಕಳು ಪತ್ರ ಬರೆದರು, ಜನ ಡಬ್ಬಿ ಕೊಳ್ಳುವುದನ್ನು ನಿಲ್ಲಿಸಿದರು. 1990ರ ಏಪ್ರಿಲಿನಲ್ಲಿ ಅಮೆರಿಕದ ಮೂರು ದೊಡ್ಡ ಕಂಪನಿಗಳು ಡಾಲ್ಫಿನ್ ಹಿಂಡನ್ನು ಸುತ್ತುವರಿದು ಹಿಡಿದ ಮೀನನ್ನು ಕೊಳ್ಳುವುದಿಲ್ಲವೆಂದು ಘೋಷಿಸಿದವು. ಇಲ್ಲಿ ಜಾಗೃತಿಗೆ ಒಂದು ಗುರಿಯಿತ್ತು: ಇಂಥ ಬಲೆ, ಇಂಥ ಡಬ್ಬಿ, ಅದರ ಮೇಲೆ ಇಂಥ ಚೀಟಿ. ಆಮೇಲೆ ದೇಶಗಳು ಒಪ್ಪಂದ ಮಾಡಿಕೊಂಡು ಪ್ರತಿ ದೊಡ್ಡ ಹಡಗಿನಲ್ಲೂ ವೀಕ್ಷಕರನ್ನಿಟ್ಟವು. ಬಲೆಯ ಅಂಚನ್ನು ನೀರಿನೊಳಗೆ ತಗ್ಗಿಸಿ ಡಾಲ್ಫಿನ್‌ಗಳು ದಾಟಿಹೋಗುವಂತೆ ಹಡಗನ್ನು ಹಿಂದಕ್ಕೆ ಸರಿಸುವ ಕೌಶಲವನ್ನು, ಆ ಕಸುಬಿನವರೇ ಕಂಡುಹಿಡಿದದ್ದನ್ನು, ಎಲ್ಲರೂ ಕಲಿತರು. ವರ್ಷಕ್ಕೆ ಲಕ್ಷ ಮೀರಿದ್ದ ಸಾವುಗಳು ಒಂದು ದಶಕದೊಳಗೆ ಕೆಲವೇ ಸಾವಿರಕ್ಕೆ ಇಳಿದವು.

ಆದರೆ ಡಾಲ್ಫಿನ್‌ಗಳನ್ನು ಬಿಟ್ಟ ಹಡಗುಗಳಲ್ಲಿ ಹಲವು, ಮೀನನ್ನು ಸೆಳೆಯಲು ಕಡಲಲ್ಲಿ ತೇಲುದಿಮ್ಮಿಗಳನ್ನು ಬಿಟ್ಟು ಅವುಗಳ ಸುತ್ತ ಬಲೆ ಹಾಕತೊಡಗಿದವು. ಆ ನೆರಳಿಗೆ ಟ್ಯೂನಾದ ಜೊತೆ ಶಾರ್ಕ್, ಕಡಲಾಮೆ, ಎಳೆಯ ಮೀನುಗಳೂ ಬಂದು ಸೇರುತ್ತವೆ. ಡಾಲ್ಫಿನ್‌ಗೆ ಹಾನಿ ಮಾಡದೆ ಹಿಡಿದ ಮೀನೆಂದು ಸಾರುವ, ಡಬ್ಬಿಯ ಮೇಲಿನ ಡಾಲ್ಫಿನ್ ಚಿತ್ರ ಸುಳ್ಳು ಹೇಳುವುದಿಲ್ಲ. ಶಾರ್ಕಿನ ವಿಷಯದಲ್ಲಿ ಅದು ಬಾಯಿ ಬಿಡುವುದಿಲ್ಲ, ಅಷ್ಟೆ. ಮುದ್ದಾದ ಮುಖವಿರುವ ಪ್ರಾಣಿಗೆ ಅಭಿಯಾನ ಸುಲಭವಾಗಿ ಒಲಿಯುತ್ತದೆ ಎಂಬ ದೂರು ಹಳೆಯದಾದರೂ ಅದರಲ್ಲಿ ಹುರುಳಿದೆ.

ಹಾಗೆಂದು ಶಾರ್ಕಿಗೆ ಯಾರೂ ಒಲಿಯುವುದೇ ಇಲ್ಲವೆಂದಲ್ಲ. ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕನ್ನು ಅದರ ಪಿತ್ತಜನಕಾಂಗದ ಎಣ್ಣೆಗಾಗಿ ಕೊಲ್ಲುತ್ತಿದ್ದ ಕಾಲವೊಂದಿತ್ತು. 2001ರಲ್ಲಿ ಕಾನೂನಿನ ರಕ್ಷಣೆ ಬಂದರೂ ಅದು ಕಾಗದದ ಮೇಲಿತ್ತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಆರಂಭಿಸಿದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳೆಂದು ಕರೆದರು. ಅದರ ಜೊತೆಗೇ ಶಾರ್ಕನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆಯೂ ಆಯಿತು. ಮಗಳೆಂಬ ಮಾತು ಹೆಚ್ಚು ಪ್ರಸಿದ್ಧವಾಗಿದೆ, ಬಲೆಯ ಪರಿಹಾರ ಅಷ್ಟಾಗಿಲ್ಲ. ಇವೆರಡರಲ್ಲಿ ಒಂದೇ ಇದ್ದಿದ್ದರೆ ಅಲ್ಲಿನ ಮೀನುಗಾರರು ನೂರಾರು ಶಾರ್ಕುಗಳನ್ನು ತಾವಾಗಿಯೇ ಬಿಡುಗಡೆ ಮಾಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಈ ಎರಡನೆಯ ಭಾಗ ತಪ್ಪಿದಲ್ಲಿ ಏನಾಗುತ್ತದೆಂಬುದಕ್ಕೆ ಡಾಲ್ಫಿನ್‌ನ ಹತ್ತಿರದ ಬಂಧುವಾದ ವಾಕಿಟಾ ಎಂಬ ಕಡಲಸಸ್ತನಿ ಸಾಕ್ಷಿ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯ ಉತ್ತರ ತುದಿಯಲ್ಲಿ ಮಾತ್ರ ಬದುಕುವ, ಒಂದೂವರೆ ಮೀಟರಿನಷ್ಟು ಉದ್ದದ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂಥ ವರ್ತುಲವಿರುವ ಈ ಪುಟ್ಟ ಜೀವಿಗಿಂತ ಮುದ್ದಾದ ಮುಖವನ್ನು ಯಾವ ಅಭಿಯಾನವೂ ಬಯಸಲಾರದು. ಹಾಲಿವುಡ್ ನಟರು ಅದರ ಪರವಾಗಿ ಮಾತನಾಡಿದರು, ದೇಶದ ಅಧ್ಯಕ್ಷರು ವಾಗ್ದಾನ ಮಾಡಿದರು. 1997ರಲ್ಲಿ ಸುಮಾರು 567 ಎಂದು ಅಂದಾಜಿಸಿದ್ದ ಅವುಗಳ ಸಂಖ್ಯೆ ಈಚಿನ ಸಮೀಕ್ಷೆಗಳಲ್ಲಿ ಹತ್ತರ ಆಸುಪಾಸಿನಲ್ಲಿದೆ. ಅವುಗಳನ್ನು ಯಾರೂ ಬೇಟೆಯಾಡುವುದಿಲ್ಲ. ಟೊಟೊವಾಬಾ ಎಂಬ ಮೀನಿನ ಗಾಳಿಚೀಲಕ್ಕೆ ಚೀನಾದ ಕಳ್ಳಮಾರುಕಟ್ಟೆಯಲ್ಲಿ ಅಪಾರ ಬೆಲೆಯಿರುವುದರಿಂದ ಬಿಡುವ ಗಿಲ್‌ನೆಟ್‌ಗಳಲ್ಲಿ ಅವು ಸಿಕ್ಕಿ ಸಾಯುತ್ತವೆ. ಬೇರೆ ದುಡಿಮೆಯಿಲ್ಲದ ಮೀನುಗಾರರಿಗೆ ನಿಷೇಧದ ಹೊರತು ಬಾಳಿಕೆ ಬರುವಂಥದ್ದೇನೂ ದೊರೆಯಲಿಲ್ಲ. 2022ರಲ್ಲಿ ಮೆಕ್ಸಿಕೋದ ನೌಕಾಪಡೆಯು ಬಲೆಗಳು ಸಿಕ್ಕಿ ಹರಿಯುವಂತೆ ಕೊಕ್ಕೆಗಳಿರುವ ಕಾಂಕ್ರೀಟ್ ದಿಮ್ಮಿಗಳನ್ನು ಕಡಲತಳದಲ್ಲಿ ಇಳಿಸಿತು. ಅದು ಬಲೆಗಳನ್ನು ದೂರವಿಟ್ಟಿದೆ ಎನ್ನುತ್ತಾರೆ. ಆದರೆ ಐನೂರು ಇದ್ದಾಗ ಇಳಿಸಬಹುದಾಗಿದ್ದ ಕಲ್ಲನ್ನು ಹತ್ತು ಉಳಿದಾಗ ಇಳಿಸಲಾಯಿತು.

ನಾನು ಇದನ್ನೆಲ್ಲ ಓದತೊಡಗಿದ್ದು ಕಡಲತೀರ ಸ್ವಚ್ಛಗೊಳಿಸುವ ಕಾರ್ಯಕ್ರಮವೊಂದಕ್ಕೆ ಹೋಗಿಬಂದ ಮೇಲೆ. ಕಸ ಹೆಕ್ಕುವುದಕ್ಕಿಂತ ಹೆಕ್ಕುತ್ತಿರುವ ಫೋಟೊ ತೆಗೆಯುವುದೇ ಅಲ್ಲಿ ಹೆಚ್ಚಾಗಿತ್ತು ಎಂಬುದು ನನ್ನ ಮೊದಲ ಅಸಮಾಧಾನ. ನನಗೆ ಕಸ ಹೆಕ್ಕುವ ಕೆಲಸವನ್ನು ಕೊಡದೆ ಒಂದು ಪಟ್ಟಿಯನ್ನು ಕೊಟ್ಟು, ಬೇರೆಯವರು ತಂದುದನ್ನು ಎಣಿಸಿ ಗೀಟು ಹಾಕಲು ಹೇಳಿದ್ದು ಎರಡನೆಯದು. ಸಿಗರೇಟಿನ ತುಂಡು, ಬಾಟಲಿಯ ಮುಚ್ಚಳ, ತಿಂಡಿಯ ಪೊಟ್ಟಣ, ನೈಲಾನ್ ಹಗ್ಗ. ಮೂರು ಗಂಟೆ ಗೀಟು ಹಾಕಿ ಬೇಸತ್ತೆ. ಈ ಪಟ್ಟಿಗೊಂದು ಇತಿಹಾಸವಿದೆಯೆಂದು ಆಮೇಲೆ ತಿಳಿಯಿತು. 1986ರಲ್ಲಿ ಟೆಕ್ಸಸ್ ತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಒಹಾರ ಅವರು ಸ್ವಯಂಸೇವಕರನ್ನು ಕೂಡಿಸಿದಾಗ, ಕಸವನ್ನು ಹೆಕ್ಕುವುದರ ಜೊತೆಗೆ ಪ್ರತಿ ವಸ್ತುವನ್ನೂ ಬರೆದಿಡಬೇಕೆಂದು ಪಟ್ಟುಹಿಡಿದಿದ್ದರು. ಈಗ ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಕಾರ್ಯಕ್ರಮವಾಗಿದೆ. ಹೆಕ್ಕಿದ ಕಸದ ಜಾಗಕ್ಕೆ ಮುಂದಿನ ಅಲೆ ಬೇರೆ ಕಸವನ್ನು ತಂದು ಹಾಕುತ್ತದೆ, ಆದರೆ ಬರೆದಿಟ್ಟ ಲೆಕ್ಕ ಉಳಿಯುತ್ತದೆ. ಯಾವ ವಸ್ತುವನ್ನು ತಯಾರಿಕೆಯ ಹಂತದಲ್ಲೇ ತಡೆಯಬೇಕೆಂದು ವಾದಿಸುವವರಿಗೆ ಆ ಗೀಟುಗಳೇ ಆಧಾರ. ನನ್ನ ಬೇಸರದ ಮೂರು ಗಂಟೆಗಳು ಆ ದಿನದ ಅತ್ಯಂತ ಉಪಯುಕ್ತ ಭಾಗವಾಗಿದ್ದಿರಬಹುದು.

ಬೇಸರ ತರಿಸುವ ಇನ್ನೊಂದು ಸಂಗತಿಯನ್ನು ಹೇಳದೆ ಈ ಬರಹ ಮುಗಿಯದು. ಯಾವ ದೇಶಕ್ಕೂ ಸೇರದ ತೆರೆದ ಸಾಗರವು ಒಟ್ಟು ಕಡಲಿನ ಸುಮಾರು ಮೂರನೆಯ ಎರಡು ಭಾಗ. ಅಲ್ಲಿ ಜೀವಿಗಳಿಗಾಗಿ ರಕ್ಷಿತ ಪ್ರದೇಶವೊಂದನ್ನು ಗುರುತಿಸಲು ಎಲ್ಲ ದೇಶಗಳೂ ಒಪ್ಪುವ ಕಾನೂನಿನ ದಾರಿಯೇ ಇರಲಿಲ್ಲ. ಅದಕ್ಕಾಗಿ ಒಪ್ಪಂದವೊಂದನ್ನು ರೂಪಿಸಲು ಎರಡು ದಶಕಗಳ ಹತ್ತಿರ ಮಾತುಕತೆ ನಡೆದ ನಂತರ 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ, ಕೊನೆಯ ಸುತ್ತು ಹಗಲುರಾತ್ರಿ ಎಳೆದುಕೊಂಡು ಹೋದ ಮೇಲೆ, ಸಮ್ಮೇಳನದ ಅಧ್ಯಕ್ಷೆ ರೆನಾ ಲೀ ಹಡಗು ದಡ ಸೇರಿತೆಂದು ಪ್ರಕಟಿಸಿದರು. ಬೇಕಾಗಿದ್ದ 60 ದೇಶಗಳ ಅನುಮೋದನೆ 2025ರ ಸೆಪ್ಟೆಂಬರಿನಲ್ಲಿ ಪೂರ್ಣಗೊಂಡು, ಒಪ್ಪಂದವು 2026ರ ಜನವರಿ 17ರಂದು ಜಾರಿಗೆ ಬಂತು. ಈ ಸುದ್ದಿಯ ಜೊತೆ ಬಂದ ಫೋಟೊದಲ್ಲಿ ಕೋಟು ತೊಟ್ಟ ಜನರು ಚಪ್ಪಾಳೆ ತಟ್ಟುತ್ತಿದ್ದರು. ಒಂದು ಆಮೆಯೂ ಇರಲಿಲ್ಲ.

ಅದನ್ನು ನಾನು ಹಿಂದೆ ಸ್ಟ್ರಾ ವಿಡಿಯೊ ಕಳುಹಿಸಿದ್ದವರಿಗೇ ಕಳುಹಿಸಿದೆ. ಬಹುಪಾಲು ಜನ ಮೌನವಾಗಿದ್ದರು. ಒಬ್ಬರು ಮಾತ್ರ, ಹಳೆಯ ವಿಡಿಯೊ ನೆನಪಾಗಿರಬೇಕು, ಆ ಆಮೆ ಆಮೇಲೆ ಬದುಕಿತೇ ಎಂದು ಕೇಳಿದರು. ಗಾಯಕ್ಕೆ ಔಷಧ ಹಚ್ಚಿ, ರಕ್ತ ನಿಂತ ಮೇಲೆ ಅದನ್ನು ಕಡಲಿಗೆ ಬಿಟ್ಟರೆಂದು ಬರೆದೆ. ಒಪ್ಪಂದಕ್ಕೆ ಸೇರಿದ ದೇಶಗಳ ಮೊದಲ ಸಭೆ ಜಾರಿಯ ದಿನದಿಂದ ಒಂದು ವರ್ಷದೊಳಗೆ ನಡೆಯಬೇಕಾಗಿದೆಯೆಂದೂ, ಯಾವ ಕಡಲನ್ನು ಮೊದಲು ರಕ್ಷಿಸಬೇಕೆಂಬ ಚರ್ಚೆ ಇನ್ನು ಅಲ್ಲಿ ನಡೆಯಲಿದೆಯೆಂದೂ ಅದರ ಕೆಳಗೇ ಸೇರಿಸಿದೆ.