ಪುಂಡ ಹೆಬ್ಬಾತು: ಒಳಗೆ ಹಾಕಬೇಕಾದ್ದು ಯಾರನ್ನ?

ಸಂತೆಯಲ್ಲಿ 'ಗ್ಯಾರಂಟಿ ಜೋಡಿ ಸಾರ್' ಅಂತ ಹೇಳಿ ಕೊಟ್ಟ ಆರು ಹೆಬ್ಬಾತು ಮರಿಗಳಲ್ಲಿ ನಾಲ್ಕು ಗಂಡು. ಅದು ಗೊತ್ತಾಗುವಷ್ಟರಲ್ಲಿ ನಮ್ಮ ಫಾರ್ಮ್‌ಸ್ಟೇ ಹಿತ್ತಲಲ್ಲಿ ಗಿರಿರಾಜ ತಳಿಯ ಹೇಟೆ ಕೋಳಿಗಳ ಬೆನ್ನು ಬೋಳಾಗಿತ್ತು, ಒಂದು ಬಾತುಕೋಳಿ ತೊಟ್ಟಿಯಲ್ಲಿ ಸಾಯುವುದರಲ್ಲಿತ್ತು, ಮ್ಯಾನೇಜ್‌ಮೆಂಟ್ ಗ್ರೂಪಿನಲ್ಲಿ 'ಗೆಸ್ಟ್ ಮಗುವಿಗೆ ಕಚ್ಚಿದೆ, ಯಾರು ಜವಾಬ್ದಾರಿ?' ಅಂತ ಮೆಸೇಜ್ ಬಿದ್ದಿತ್ತು. ಹೆಬ್ಬಾತು ಬೇಕು ಅಂದವರು ಯಾರು ಅನ್ನೋದು ಆ ಮೆಸೇಜಿನಲ್ಲಿ ಇರಲಿಲ್ಲ. ಫೋಟೋಗೆ ಚೆನ್ನಾಗಿರುತ್ತೆ ಅಂತ ತರಿಸಿದ್ದು ಮೇಲಿನವರೇ.

ನಮ್ಮ ಕಡೆ ಫಾರ್ಮ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಕೊಕ್ಕಿನ ಬುಡದಲ್ಲಿ ಗಂಟಿರುವ ಚೀನಾ ತಳಿ. ಮಂಗೋಲಿಯಾ, ಉತ್ತರ ಚೀನಾ ಕಡೆಯ ಕಾಡು ಹೆಬ್ಬಾತಿನ ವಂಶ ಅದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಬೇರೆಯೇ ಜಾತಿ, ಗೆಸ್ಟ್‌ಗಳು ಎಷ್ಟೇ ವಾದ ಮಾಡಿದರೂ. ಚೀನಾ ತಳಿ ಗಲಾಟೆಗೆ ಹೆಸರುವಾಸಿ. ಮೊದಲ ಎಂಟು ವಾರ ಮರಿಗಳು ನಮ್ಮ ಹಿಂದೆ ಹಿಂದೆಯೇ ಓಡಾಡುತ್ತವೆ, ಮಡಿಲಲ್ಲಿ ಕೂರುತ್ತವೆ. ತುಪ್ಪಳ ಉದುರಿ ಗರಿ ಬಂದು, ದನಿ ಒಡೆದ ಮೇಲೆ ಯಾರನ್ನು ಎಷ್ಟು ಹೆದರಿಸಬಹುದು ಅಂತ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಲು ಶುರು. ಎಂಟರಿಂದ ಹತ್ತು ತಿಂಗಳಿಗೆ ಪ್ರಾಯಕ್ಕೆ ಬಂದಾಗ ಎರಡನೇ ಸುತ್ತು. ಕೈಯಲ್ಲೇ ಒಂಟಿಯಾಗಿ ಬೆಳೆದ ಮರಿ ಎಲ್ಲಕ್ಕಿಂತ ಕಷ್ಟ: ಅದಕ್ಕೆ ಮನುಷ್ಯ ಅಂದರೆ ಭಯವಿಲ್ಲ, ನಮ್ಮನ್ನೂ ತನ್ನ ಗುಂಪಿನ ಇನ್ನೊಂದು ಗಂಡು ಅಂತಲೇ ಲೆಕ್ಕ ಹಾಕುತ್ತದೆ. ಮರಿ ಇದ್ದಾಗ ಬೆರಳು, ಪ್ಯಾಂಟಿನ ಅಂಚು ಕಚ್ಚಲು ಬಿಟ್ಟು ನಕ್ಕರೆ ಆರು ತಿಂಗಳ ನಂತರ ಅದೇ ಆಟ ನೀಲಿಗಟ್ಟುವಷ್ಟು ಜೋರಾಗಿರುತ್ತದೆ. ಕಚ್ಚಿ ಬಿಡುವುದಿಲ್ಲ, ಹಿಡಿದು ತಿರುಚುತ್ತದೆ.

ತೊಟ್ಟಿಯ ವಿಷಯ. ಎರಡೂವರೆ ಅಡಿ ಆಳದ ಸಿಮೆಂಟ್ ತೊಟ್ಟಿ, ನೇರ ಗೋಡೆ, ಹತ್ತಿ ಬರಲು ಒಂದು ಕಲ್ಲೂ ಇಲ್ಲ. ಹೆಬ್ಬಾತುಗಳು ಸಾಮಾನ್ಯವಾಗಿ ನೀರಿನಲ್ಲೇ ಕೂಡುತ್ತವೆ. ಹೆಣ್ಣು ಸಿಗದ ಗಂಡು ಪಕ್ಕದಲ್ಲಿ ತೇಲುತ್ತಿದ್ದ ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತುಕೋಳಿಯ ಮೇಲೇರಿತು. ಹೆಬ್ಬಾತು ಸುಮಾರು ಐದು ಕೆ.ಜಿ., ಬಾತುಕೋಳಿ ಎರಡು. ಕೊಕ್ಕಿನಲ್ಲಿ ಹಿಂಗತ್ತು ಹಿಡಿದು ಒತ್ತಿದರೆ ಕೆಳಗಿನದರ ತಲೆ ನೀರೊಳಗೇ. ಬಿದಿರು ಗಳದಲ್ಲಿ ತಿವಿದೆ. ತಿವಿದಷ್ಟೂ ಹಿಡಿತ ಬಿಗಿಯಾಯಿತು, ಮೇಲಾಗಿ ಜಗಳ ನಡೆದಿದೆ ಅಂದುಕೊಂಡು ಉಳಿದ ಮೂರು ಗಂಡು ರೆಕ್ಕೆ ಬಿಚ್ಚಿ ತೊಟ್ಟಿಗೆ ನುಗ್ಗಿದವು. ನೀರೆಲ್ಲ ಕಲಕಿ ಬಾತುಕೋಳಿ ಎಲ್ಲಿದೆ ಅಂತಲೇ ಕಾಣದು. ಕೊನೆಗೆ ಕೆಲಸ ಮಾಡಿದ್ದು ಅಡುಗೆಮನೆ ಅಕ್ಕ ಎಸೆದ ಒದ್ದೆ ಗೋಣಿಚೀಲ. ತಲೆ ಮೇಲೆ ಬಿದ್ದು ಕತ್ತಲಾದ ಕೂಡಲೇ ಕೊಕ್ಕು ಸಡಿಲಾಯಿತು. ಗೋಣಿ ಹಾಕಿ, ಕತ್ತಿನ ಬುಡ ಹಿಡಿದು, ಇನ್ನೊಂದು ಕೈ ಎದೆಯ ಕೆಳಗೆ ಕೊಟ್ಟು ಎತ್ತಬೇಕು. ಕೋಳಿ ಹಿಡಿದ ಹಾಗೆ ಕಾಲು ಹಿಡಿದು ಎತ್ತಿದರೆ ಕೀಲು ತಪ್ಪುತ್ತದೆ.

ಬಾತುಕೋಳಿ ಬದುಕಿತು. ನಾನು ಎಡವಿದ್ದು ಅದಾದ ಮೇಲೆ. ಗಾಯದ ಬಾತುಕೋಳಿಯನ್ನು ಸ್ಟೋರ್ ರೂಮಿನಲ್ಲಿ ಮಂಕರಿ ಕೆಳಗೆ ಒಂಟಿಯಾಗಿ ಇಟ್ಟೆ, ಗಂಡನ್ನು ಹಿತ್ತಲಲ್ಲೇ ಬಿಟ್ಟೆ. ಮನುಷ್ಯರಿಗೆ ಇದು ಸರಿ ಅನ್ನಿಸುತ್ತೆ, ಪೆಟ್ಟಾದವರಿಗೆ ರೆಸ್ಟ್. ಹಕ್ಕಿಗಳ ಲೆಕ್ಕದಲ್ಲಿ ಹೊರಟುಹೋದದ್ದು ತನ್ನ ಜಾಗ ಕಳೆದುಕೊಳ್ಳುತ್ತದೆ, ಉಳಿದದ್ದು ಮೇಲೇರುತ್ತದೆ. ಗಾಯ ಒಣಗಿ ವಾಪಸ್ ಬಿಟ್ಟಾಗ ಆ ಗಂಡಷ್ಟೇ ಅಲ್ಲ, ಮೊದಲು ಜೊತೆಗೇ ಮಲಗುತ್ತಿದ್ದ ಬಾತುಕೋಳಿಗಳೂ ಅಟ್ಟಿಸಿಕೊಂಡು ಹೋದವು.

ಒಳಗೆ ಹೋಗಬೇಕಾದ್ದು ಪುಂಡ. ಸುಮಾರು ಒಂದು ವಾರ ಹಿಂಡು ಕಣ್ಣಿಗೆ ಬೀಳದ ಕಡೆ ಹುಲ್ಲು, ನೀರು, ನೆರಳು ಕೊಟ್ಟು ಇಡಿ, ಸದ್ದು ಕೇಳಿಸಲಿ. ಆಮೇಲೆ ಎರಡು ಮೂರು ದಿನ ಜಾಲರಿ ಆಚೆ, ನೋಡಬಹುದು, ಮುಟ್ಟಲಾಗದು. ವಾಪಸ್ ಬಿಡುವುದು ಬೆಳಿಗ್ಗೆ, ಹಿಂಡೆಲ್ಲ ಬಯಲಲ್ಲಿ ಹರಡಿ ಮೇಯುತ್ತಿರುವಾಗ. ಸಂಜೆ ಗೂಡಿನೊಳಗೆ ಬಿಟ್ಟರೆ ಓಡಲು ಜಾಗವಿಲ್ಲದೆ ರಾತ್ರಿಯಿಡೀ ಹೊಡೆದಾಟ. ಗಾಯದ ಹಕ್ಕಿಯನ್ನು ಬೇರೆ ಇಡಲೇಬೇಕಾದರೆ ಜೊತೆಗೆ ಅದೇ ಜಾತಿಯ ಇನ್ನೊಂದನ್ನು ಇಡಿ, ಎರಡನ್ನೂ ಒಟ್ಟಿಗೇ ಬಿಡಿ.

ಎರಡು ಗಂಡುಗಳು ಎದೆಗೆ ಎದೆ ಕೊಟ್ಟು, ಪರಸ್ಪರ ಕತ್ತಿನ ಬುಡ ಕಚ್ಚಿ ರೆಕ್ಕೆಯಲ್ಲಿ ಬಾರಿಸಿದರೆ ಎಲ್ಲ ಸಲವೂ ಬಿಡಿಸಲು ಓಡಬೇಡಿ. ಹೆಚ್ಚಿನವು ತಾವಾಗಿ ಮುಗಿಯುತ್ತವೆ, ನಡುವೆ ನಿಲ್ಲಿಸಿದರೆ ಮಾರನೇ ದಿನ ಮೊದಲಿಂದ. ರಕ್ತ ಬಂದರೆ, ಸೋತದ್ದನ್ನು ಮೇವು ನೀರಿನ ಹತ್ತಿರಕ್ಕೂ ಬಿಡದಿದ್ದರೆ ಮಾತ್ರ ಬೇರೆ ಮಾಡಿ.

ಜಗಳದ ಮೂಲ ಬಹುಪಾಲು ರಾತ್ರಿ ಗೂಡಿನಲ್ಲೇ. ಒಂದು ಹೆಬ್ಬಾತಿಗೆ ಕನಿಷ್ಠ 10 ಚದರ ಅಡಿ. ನಮ್ಮಲ್ಲಿ ಕೋಳಿ, ಬಾತು, ಹೆಬ್ಬಾತು ಎಲ್ಲ ಒಂದೇ ಶೆಡ್, ಒಂದೇ ಬಾಗಿಲು. ಬೆಳಿಗ್ಗೆ ಅಟ್ಟಣೆಯಿಂದ ಇಳಿಯುವ ಹೇಟೆಗಳಿಗಾಗಿ ಗಂಡುಗಳು ಬಾಗಿಲಲ್ಲೇ ಕಾಯುತ್ತಿದ್ದವು, ಬೆನ್ನು ಬೋಳಾದದ್ದು ಅಲ್ಲಿ. ನಾಲ್ಕು ಅಡಿ ಎತ್ತರದ ವೆಲ್ಡ್ ಮೆಶ್ (ತಂತಿ ಜಾಲರಿ) ಹಾಕಿ ಶೆಡ್ ಎರಡು ಪಾಲು ಮಾಡಬೇಕು, ಅದರ ಕೆಳಗಿನ ಎರಡು ಅಡಿಗೆ ಹಳೇ ತಗಡು ಕಟ್ಟಬೇಕು. ಮುಖ ಕಾಣದಿದ್ದರೆ ಅರ್ಧ ಜಗಳ ಇಲ್ಲ. ಎರಡೂ ಪಾಲಿಗೆ ಬೇರೆ ಬೇರೆ ಬಾಗಿಲು. ಮೊದಲು ಹೆಬ್ಬಾತು ಬಿಟ್ಟು ಹುಲ್ಲಿಗೆ ಅಟ್ಟಿ, ಅವು ಮೇಯಲು ತಲೆ ಬಗ್ಗಿಸಿದ ಮೇಲೆ ಬಾತುಕೋಳಿ, ಕೊನೆಗೆ ಕೋಳಿ. ಮೆಶ್ ತರಿಸಿಕೊಡಿ ಅಂತ ಆಫೀಸಿಗೆ ಕೊಟ್ಟ ಇಂಡೆಂಟ್ ಎರಡು ಸಲ ವಾಪಸ್ ಬಂತು, 'ಬಾತುಗಳಿವೆ ಎಚ್ಚರಿಕೆ' ಅನ್ನೋ ಫ್ಲೆಕ್ಸ್ ಮಾತ್ರ ಅದೇ ಸಂಜೆ ಪ್ರಿಂಟಾಗಿ ಬಂತು, ಅದರ ಮೇಲೆ ಹಂಸದ ಚಿತ್ರ.

ತೊಟ್ಟಿಗೆ ಮರಳಿನ ಚೀಲ ಜೋಡಿಸಿ ಮೆಟ್ಟಿಲು ಮಾಡಿ, ನೀರನ್ನು 8 ಇಂಚಿಗೆ ಇಳಿಸಿ. ಬಾತುಕೋಳಿ ನೆಲಕ್ಕೆ ಕಾಲೂರಿ ತಲೆ ಮೇಲೆತ್ತಬಹುದು. ಕುಡಿಯಲು ಬೇರೆ ಬಕೆಟ್, ಕಣ್ಣು ಮೂಗು ಮುಳುಗುವಷ್ಟು ಆಳ.

ಮೇವಿನ ಬಟ್ಟಲುಗಳು ಒಂದಕ್ಕೊಂದು ಎಂಟು ಹತ್ತು ಅಡಿ ದೂರ ಇರಲಿ, ಇರುವ ಗುಂಪುಗಳಿಗಿಂತ ಒಂದು ಬಟ್ಟಲು ಹೆಚ್ಚೇ ಇರಲಿ. ಹೆಬ್ಬಾತು ಹುಲ್ಲು ಮೇಯುವ ಹಕ್ಕಿ. ಬಯಲು ಬೋಳಾದಾಗಲೇ ಬೇರೆಯವುಗಳ ಗರಿ ಕೀಳಲು ಶುರು ಮಾಡುತ್ತದೆ. ಗರಿಕೆ, ಸಣ್ಣಗೆ ಕತ್ತರಿಸಿದ ನೇಪಿಯರ್ ಹುಲ್ಲು ಹರಡಿ, ಎಲೆಕೋಸನ್ನು ತಲೆಯೆತ್ತರಕ್ಕೆ ಕಟ್ಟಿ ತೂಗುಬಿಡಿ. ಎಲ್ಲಕ್ಕೂ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಗಳ ಮೇವು) ಸುರಿಯುವುದು ಸುಲಭ, ಆದರೆ ಅದರಲ್ಲಿ ಕ್ಯಾಲ್ಸಿಯಂ ಶೇ. 3.5-4 ಇರುತ್ತದೆ, ಬೆಳೆಯುವ ಮರಿಗಳ ಮೂತ್ರಪಿಂಡಕ್ಕೆ ಕೆಟ್ಟದ್ದು. ಎಲ್ಲರಿಗೂ ಗ್ರೋವರ್ (ಬೆಳೆಯುವ ಹಕ್ಕಿಗಳ ಮೇವು) ಹಾಕಿ, ಮೊಟ್ಟೆ ಇಡುವವುಗಳಿಗೆ ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ. ಬ್ರೆಡ್ಡು ಬೇಡವೇ ಬೇಡ. ಗೆಸ್ಟ್ ಕೈಯಿಂದ ಬ್ರೆಡ್ ತಿಂದ ಹಕ್ಕಿ ನಾಳೆ ಖಾಲಿ ಕೈಯನ್ನೂ ಹುಡುಕಿಕೊಂಡು ಬರುತ್ತದೆ. ಆ ಮಗುವಿಗೆ ಕಚ್ಚಿದ್ದರ ಹಿಂದೆ ಎರಡು ಪ್ಯಾಕೆಟ್ ಬ್ರೆಡ್ ಇತ್ತು, ಮೇಲಿನವರ ರಿಪೋರ್ಟಿನಲ್ಲಿ ಅದಿಲ್ಲ.

ಮೈಮೇಲೆ ಬಂದಾಗ ಏನು ಮಾಡಬೇಕು? ಕತ್ತು ನೆಲಕ್ಕೆ ಸಮನಾಗಿ ಮುಂದೆ ಚಾಚಿ ಬುಸುಗುಟ್ಟಿದರೆ ಅದಿನ್ನೂ ಎಚ್ಚರಿಕೆ ಅಷ್ಟೇ. ಓಡಬೇಡಿ, ಬೆನ್ನು ತೋರಿಸಬೇಡಿ. ಎರಡೂ ಕೈ ಅಗಲಿಸಿ, ಅದರ ಕಡೆಗೇ ಎರಡು ಹೆಜ್ಜೆ ನಿಧಾನಕ್ಕೆ ಇಡಿ. ಕೋಲಿದ್ದರೆ ಉದ್ದವಾದ ತೋಳಿನ ಹಾಗೆ ಅಡ್ಡ ಹಿಡಿಯಲು ಮಾತ್ರ. ನಮ್ಮ ವಾಚ್‌ಮನ್ ಅಣ್ಣ ಒದೆಯುತ್ತಿದ್ದರು, ಕೊನೆಗೆ ಖಾಕಿ ಬಟ್ಟೆ ಕಂಡರೆ ಸಾಕು, ಗೇಟಿನವರೆಗೂ ಅಟ್ಟಿಸಿಕೊಂಡು ಬರುವ ಹಾಗಾಯಿತು. ಬಿಡದೆ ಬಂದರೆ ಕತ್ತಿನ ಬುಡ ಮೆಲ್ಲಗೆ ಹಿಡಿದು, ರೆಕ್ಕೆ ಮಡಚಿ ಕಂಕುಳಲ್ಲಿ ಅದುಮಿಕೊಳ್ಳಿ, ತಲೆ ನಿಮ್ಮ ಬೆನ್ನ ಕಡೆಗೆ. ಕೊಸರಾಟ ಪೂರ್ತಿ ನಿಂತ ಮೇಲೇ ಕೆಳಗಿಡಿ, ಕೊಸರುವಾಗ ಬಿಟ್ಟರೆ ಗೆದ್ದದ್ದು ಅದೇ. ರೆಕ್ಕೆಯ ಮಣಿಕಟ್ಟಿನ ಗಂಟು ಜೋರಾಗಿ ಬಡಿಯುತ್ತದೆ, ಮುಖ ದೂರ ಇರಲಿ. ಮಕ್ಕಳ ಕಣ್ಣು ಅದರ ಕೊಕ್ಕಿನ ಎತ್ತರಕ್ಕೇ ಇರುವುದರಿಂದ ಚಿಕ್ಕ ಮಕ್ಕಳನ್ನು ಬೇಲಿ ಆಚೆಯೇ ನಿಲ್ಲಿಸಬೇಕು.

ಇಷ್ಟೆಲ್ಲ ಮಾಡಿದರೂ ಎರಡು ಹೆಣ್ಣಿಗೆ ನಾಲ್ಕು ಗಂಡು ಅನ್ನುವ ಲೆಕ್ಕಕ್ಕೆ ಮದ್ದಿಲ್ಲ. ಈ ತಳಿಗೆ ನಾಲ್ಕೈದು ಹೆಣ್ಣಿಗೆ ಒಂದು ಗಂಡು ಸಾಕು. ಎರಡು ಮೂರು ತಿಂಗಳಿಗೆ ಕೊಕ್ಕಿನ ಗಂಟು ದಪ್ಪವಿರುವುದು, ಕೀರಲು ದನಿಯದ್ದು ಗಂಡು. ಹೆಣ್ಣಿನ ದನಿ ತಗ್ಗು. ಮರಿಯಲ್ಲೇ ತಿಳಿಯಬೇಕಾದರೆ ಮಲದ್ವಾರ ಬಿಡಿಸಿ ನೋಡಲು ಬಲ್ಲವರು ಬೇಕು. ಹೆಚ್ಚುವರಿ ಗಂಡು ಮಾರಲು ಆಗದಿದ್ದರೆ ಹೆಣ್ಣು ಕಣ್ಣಿಗೆ ಬೀಳದ ಕಡೆ ಗಂಡುಗಳದ್ದೇ ಗುಂಪು ಮಾಡಿ, ಸಾಮಾನ್ಯವಾಗಿ ತಣ್ಣಗಿರುತ್ತವೆ. ನಾವು ಮೂರನ್ನು ತೆಂಗಿನ ತೋಟದ ಆಚೆ ಕಳಿಸಿದೆವು, ಈಗ ಅವು ಅಲ್ಲಿನ ಹುಲ್ಲು ಮೇಯುತ್ತವೆ, ಆಳು ಕೂಲಿ ಉಳಿಯಿತು ಅಂತ ಮ್ಯಾನೇಜರ್ ಸಾರ್ ಮೀಟಿಂಗಿನಲ್ಲಿ ಅದನ್ನ ತಮ್ಮ ಐಡಿಯಾ ಅಂದರು.

ಕಾವಿಗೆ ಕೂತ ಹೆಣ್ಣಿನ ಪಕ್ಕ ನಿಂತು ಬುಸುಗುಟ್ಟುವ ಗಂಡನ್ನು ಪುಂಡರ ಪಟ್ಟಿಗೆ ಸೇರಿಸಬೇಡಿ, ಅದು ಅದರ ಡ್ಯೂಟಿ. ಸುಮಾರು 30 ದಿನ ಆ ಮೂಲೆಗೆ ಗ್ರೀನ್ ನೆಟ್ ಕಟ್ಟಿ, ಹೌಸ್‌ಕೀಪಿಂಗ್‌ನವರ ದಾರಿ ಬದಲಿಸಿ. ಮೊಟ್ಟೆ ನೋಡಲೇಬೇಕಾದರೆ ಇಬ್ಬರು ಹೋಗಿ: ಒಬ್ಬರು ಗೋಣಿ ಅಡ್ಡ ಹಿಡಿದು ಗಂಡನ್ನು ತಡೆಯಲಿ, ಹೆಣ್ಣು ಮೇವಿಗೆ ಎದ್ದು ಹೋದ ಹೊತ್ತಿನಲ್ಲಿ ಇನ್ನೊಬ್ಬರು ನೋಡಿ ಬರಲಿ.